ಹಾಕುವಾಗ ಮಾತ್ರ ಬೇಕಾದ ಮೆಮೊರಿ

ಮೊನ್ನೆ ಚನ್ನಗಿರಿಯ ಒಂದು ಟೈಪಿಂಗ್ ಅಂಗಡಿಯಲ್ಲಿ ಹಳೆಯ ಕಂಪ್ಯೂಟರ್ ಬಿಚ್ಚಿ, ಅದರ ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜುತ್ತಿದ್ದೆ. ನಮ್ಮ ಕಸುಬಿನಲ್ಲಿ ಇದೇ ಮೊದಲ ಮದ್ದು. ಮಳೆಗಾಲದ ತೇವಕ್ಕೆ ಆ ಹೊಂಬಣ್ಣದ ಅಂಚಿಗೆ ಕಿಲುಬು ಹಿಡಿದರೆ ಕಂಪ್ಯೂಟರ್ ಕಣ್ಣೇ ಬಿಡುವುದಿಲ್ಲ. ರಬ್ಬರಿನಿಂದ ಉಜ್ಜಿ, ಊದಿ, ಮತ್ತೆ ಕೂರಿಸಿದರೆ ಎಷ್ಟೋ ಸಲ ಎದ್ದುಬಿಡುತ್ತದೆ. ಉಜ್ಜುವಾಗ ರಬ್ಬರಿನ ಸಿಹಿ ವಾಸನೆಯೂ ಕ್ಯಾಬಿನೆಟ್ಟಿನೊಳಗಿನ ಒದ್ದೆ ಧೂಳಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದವು. ನನ್ನ ಕೈ ನಿಂತಿತು. ಹೋದ ವರ್ಷದ ಆಗಸ್ಟ್, ನ್ಯಾಮತಿ, ನಾಗಣ್ಣನ ಮನೆಯ ಮುಂದಿನ ಕೋಣೆ ನೆನಪಾಯಿತು.

ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ಮುಂದೆ ರಕ್ಷಣೆ ಕೊಡುವುದಿಲ್ಲ ಎಂದು ಅದನ್ನು ಮಾಡಿದವರೇ ಹೇಳಿದ ವರ್ಷ ಅದು. ನಾನು ಡಿಪ್ಲೊಮಾ ಮುಗಿಸಿ ಹೊನ್ನಾಳಿಯಲ್ಲಿ ರುದ್ರೇಶಣ್ಣನ ಸರ್ವಿಸ್ ಅಂಗಡಿಗೆ ಸೇರಿದ್ದೆ. ಹೊಸ ಕಂಪ್ಯೂಟರ್ ಕೊಳ್ಳಲಾಗದವರ ಹಳೇ ಯಂತ್ರಗಳಿಗೆ ಪುಕ್ಕಟೆ ಸಿಗುವ ಹಗುರವಾದ ಸಿಸ್ಟಮ್ ಹಾಕಿಕೊಡುವುದು ನನ್ನ ಪಾಲಿನ ಕೆಲಸ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಈ ನಾಲ್ಕು ಊರುಗಳ ಟೈಪಿಂಗ್ ಅಂಗಡಿ, ಫೋಟೊ ಸ್ಟುಡಿಯೊ, ಹಾಲಿನ ಡೇರಿಗಳಿಗೆ ಬಸ್ಸಿನಲ್ಲಿ ಓಡಾಟ. ಡೈರಿಯಲ್ಲಿ ಗೆರೆ ಎಳೆದು ನಾಲ್ಕು ಅಂಕಣ ಮಾಡಿಕೊಂಡಿದ್ದೆ: ದಿನ, ಊರು, ಇದ್ದ ಮೆಮೊರಿ, ಕೇಳಿದ ಮೆಮೊರಿ.

ಕೊನೆಯ ಎರಡು ಅಂಕಣಗಳು ಒಂದಕ್ಕೊಂದು ಹೊಂದುತ್ತಲೇ ಇರಲಿಲ್ಲ. ನಾವು ಹಾಕುತ್ತಿದ್ದ ಸಿಸ್ಟಮ್ ಒಂದು ಜಿಬಿ ಮೆಮೊರಿಯಲ್ಲೂ ಕುಂಟುತ್ತಾ ನಡೆಯುತ್ತದೆ. ಆದರೆ ಅದನ್ನು ಒಳಗೆ ಕೂರಿಸುವ ಇನ್‌ಸ್ಟಾಲರ್ ಮೊದಲು ತನ್ನ ಸಾಮಾನನ್ನೆಲ್ಲ ಮೆಮೊರಿಯಲ್ಲಿ ಹರಡಿಕೊಳ್ಳುತ್ತದೆ. ಅದಕ್ಕೆ ನಾಲ್ಕು ಜಿಬಿ ಬೇಕು, ಅಂದರೆ ದೊಡ್ಡ ರ‍್ಯಾಮ್ ಪಟ್ಟಿ. ಗಿರಾಕಿಗಳಿಗೆ ನಾನು ತಾರಸಿಗೆ ಮೋಲ್ಡ್ ಹಾಕುವ ಮನೆಯ ಉದಾಹರಣೆ ಕೊಡುತ್ತಿದ್ದೆ. ಮೋಲ್ಡ್ ಹಾಕುವಾಗ ಮನೆ ತುಂಬಾ ಸೆಂಟ್ರಿಂಗ್ ಕಂಬ ನಿಲ್ಲಿಸುತ್ತಾರೆ, ಕಾಲಿಡಲು ಜಾಗ ಇರುವುದಿಲ್ಲ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಕಂಬ ಕಿತ್ತು ಮುಂದಿನ ಮನೆಗೆ ಸಾಗಿಸುತ್ತಾರೆ. ನಮ್ಮಲ್ಲೂ ಹಾಗೇ. ಎರಡು ರ‍್ಯಾಮ್ ಪಟ್ಟಿಗಳನ್ನು ಹಾಕಿ, ಸಿಸ್ಟಮ್ ಕೂರಿಸಿ, ಕಿತ್ತುಕೊಂಡು ಮುಂದಿನ ಊರಿಗೆ ಹೊರಡುವುದು.

ಅಂಗಡಿಯಲ್ಲಿ ಅವು ಎರಡೇ ಇದ್ದವು.

"ಹಳೇ ಮಾದರಿದು ಈಗ ಸಿಗಲ್ಲಮ್ಮ ಸವಿತಾ," ಎಂದು ರುದ್ರೇಶಣ್ಣ ಮೊದಲ ದಿನವೇ ಎಚ್ಚರಿಸಿದ್ದರು. "ಕಿವಿಯೋಲೆ ಹಂಗೆ ಜ್ವಾಪಾನ ಮಾಡ್ಕಬೇಕು."

"ಕಿವಿಯೋಲೆ ಆಗಿದ್ರೆ ಕಿವಿಗಾದ್ರೂ ಹಾಕ್ಕಂತಿದ್ದೆ ಅಣ್ಣ."

"ಹಾಕ್ಕಂಡೇ ಜಗಳೂರು ಬಸ್ಸು ಹತ್ತು. ಇದನ್ನ ಯಾವ ಕಳ್ಳನೂ ಮುಟ್ಟಲ್ಲ."

ಜುಲೈ ಎರಡನೇ ವಾರ ನ್ಯಾಮತಿಗೆ ಮೊದಲ ಸಲ ಹೋದೆ. ಜಿಟಿಜಿಟಿ ಮಳೆ. ಪಟ್ಟಿಗಳು ಆ ವಾರ ರುದ್ರೇಶಣ್ಣನ ಜೊತೆ ಜಗಳೂರಿನಲ್ಲಿದ್ದವು. ನಾನು ಹೋದದ್ದು ಯಂತ್ರ ನೋಡಿಬರಲು ಮಾತ್ರ. ನಾಗಣ್ಣನ ಮನೆಯ ಮುಂದಿನ ಕೋಣೆಯೇ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಜನರ ಆನ್‌ಲೈನ್ ಅರ್ಜಿ ಇವು ಅಲ್ಲಿ ನಡೆಯುವ ಕೆಲಸ. ಕಂಪ್ಯೂಟರ್ ಮುಂದೆ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡ ಐವತ್ತು ದಾಟಿದ ಒಬ್ಬರು ಕೂತಿದ್ದರು. ನನ್ನನ್ನು ಕಂಡು ಬಾಯಿ ತೆರೆಯದೆ ಮೌಸ್ ಒತ್ತಿದರು. ಸ್ಪೀಕರಿನಿಂದ ತುಂಬು ಕಂಠವೊಂದು ಹೊರಟಿತು:

"ಬರ್ರಿ, ಬರ್ರಿ. ಕೂತ್ಕಳ್ರಿ."

ಬೆಚ್ಚಿ ಹಿಂದೆ ತಿರುಗಿ ನೋಡಿದೆ. ಒಳಗಿನಿಂದ ಅವರ ಹೆಂಡತಿ ಗೌರಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದು ನಕ್ಕರು.

"ಹೆದರಬ್ಯಾಡವ್ವ. ಅವರದೇ ದನಿ ಅದು. ಡಬ್ಬಿಯಾಗೆ ಇಟ್ಕಂಡವರೆ."

ಸಂಗತಿ ಗೌರಮ್ಮನ ಬಾಯಿಂದಲೇ ಗೊತ್ತಾಯಿತು. ಊರಿಗೆಲ್ಲ ಅವರು ಮೈಕಿನ ನಾಗಣ್ಣ. ಆಟೋದಲ್ಲಿ ಕೂತು ನ್ಯಾಮತಿ, ಹೊನ್ನಾಳಿ ಬೀದಿಗಳಲ್ಲಿ ನಾಳೆ ನೀರು ಬರುವುದಿಲ್ಲ, ಭಾನುವಾರ ಪೋಲಿಯೊ ಹನಿ, ಇಂದು ರಾತ್ರಿ ನಾಟಕ ಎಂದು ಕೂಗಿದವರು. ಬಾಯಿ ಒಣಗಬಾರದೆಂದು ಎಲೆ ಅಡಿಕೆ, ಆಮೇಲೆ ಗುಟ್ಕಾ. ಎರಡು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆ ಕಂಡಿತು. ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಮೊದಲು ಸಿಕ್ಕ ದಿನಗಳಲ್ಲಿ ನಾಗಣ್ಣ ಕಿಟಕಿ ಬಾಗಿಲು ಮುಚ್ಚಿಕೊಂಡು, ಮನೆಯಲ್ಲಿ ಮುಂದೆ ಬೇಕಾಗಬಹುದಾದ ಮಾತುಗಳನ್ನೆಲ್ಲ ಒಂದೊಂದಾಗಿ ರೆಕಾರ್ಡ್ ಮಾಡಿ ಇಟ್ಟರು. ಟೀ ಕೊಡು. ಯಾರೋ ಬಂದವರೆ. ಕರೆಂಟು ಹೋತು. ನೋವೈತೆ. ನೋವಿಲ್ಲ, ಮಲಕ್ಕ.

"ನಂಗೆ ಅಕ್ಷರ ಬರಲ್ಲ ನೋಡವ್ವ," ಎಂದರು ಗೌರಮ್ಮ. "ಅವರು ಬರೆದು ತೋರಿಸಿದ್ರೆ ನಂಗೇನು ತಿಳೀತೈತೆ? ಅದಕ್ಕೇ ಇಷ್ಟೆಲ್ಲಾ. ಮೊದ್ಲು ಫೋನಿನಾಗೇ ಇದ್ವು. ಫೋನಿನ ಮೆಮೊರಿ ತುಂಬ್ತು ಅಂತ ಇದಕ್ಕೆ ಹಾಕವರೆ."

ನಾಗಣ್ಣ ಮೌಸ್ ಒತ್ತಿದರು. "ಇವತ್ತು ಸಾರಿಗೆ ಉಪ್ಪು ಜಾಸ್ತಿ," ಎಂದಿತು ಸ್ಪೀಕರ್.

"ನೋಡ್ದಾ? ಇನ್ನೂ ಒಲೆ ಹಚ್ಚಿಲ್ಲ, ಆಗ್ಲೇ ಉಪ್ಪು ಜಾಸ್ತಿ! ಉಪ್ಪು ಕಮ್ಮಿ ಅನ್ನೋದು ರೆಕಾರ್ಡ್ ಮಾಡೇ ಇಲ್ಲ ಈ ಪುಣ್ಯಾತ್ಮ. ಚೆನ್ನಾಗೈತೆ ಅನ್ನೋದಂತೂ ಮೊದ್ಲೇ ಇಲ್ಲ."

ನಾಗಣ್ಣನ ಭುಜ ಕುಣಿಯಿತು. ಅವರ ನಗುವಿಗೆ ಸದ್ದಿರಲಿಲ್ಲ. ಉಸಿರಾಡಲು ಕುತ್ತಿಗೆಯಲ್ಲಿ ಮಾಡಿದ ತೂತಿನ ಮೇಲಿನ ಬಟ್ಟೆ ಮಾತ್ರ ಉಬ್ಬಿ ಇಳಿಯುತ್ತಿತ್ತು.

ಅರ್ಜಿ ಹಾಕುವ ಜಾಲತಾಣಗಳು ಹಳೆಯ ಸಿಸ್ಟಮ್‌ನಲ್ಲಿ ತೆರೆಯುವುದು ನಿಂತಿತ್ತು. ಅದು ಸರಿಹೋಗದಿದ್ದರೆ ಅಂಗಡಿಯ ಅರ್ಧ ಕೆಲಸ ಹೋದ ಹಾಗೆ. ಆಗ ಬ್ಯಾನರ್ ಕೆಲಸವೊಂದು ಇನ್ನೂ ನಡೆಯುತ್ತಿದ್ದುದರಿಂದ ನಾನು ಕಂಪ್ಯೂಟರ್ ಬಿಚ್ಚಲಿಲ್ಲ. ನಾಗಣ್ಣ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರು: "ಪೆನ್‌ಡ್ರೈವ್ ಬಿಟ್ಟು ಹೋಗು ತಂಗಿ. ಬಿಡುವಾದಾಗ ನಾನೇ ಹಾಕಿ ನೋಡ್ತೀನಿ." ಕೈ ಪಳಗಿದ ಮನುಷ್ಯ. ಇನ್‌ಸ್ಟಾಲರ್ ಇದ್ದ ನನ್ನ ಪೆನ್‌ಡ್ರೈವ್ ಕೊಟ್ಟು ಬಂದೆ. ಏನಾದರೂ ಅಡ್ಡಿ ಬಂದರೆ ಪರದೆಯ ಫೋಟೊ ಕಳಿಸಿರಿ ಎಂದೆ.

ಮೂರನೆಯ ದಿನ ಫೋಟೊ ಬಂತು. ಇನ್‌ಸ್ಟಾಲರ್ ಇಂಗ್ಲಿಷಿನಲ್ಲಿ ತನ್ನ ಎಂದಿನ ಮಾತು ಹೇಳಿತ್ತು: ಸಾಕಷ್ಟು ಮೆಮೊರಿ ಇಲ್ಲ. ನಾನು ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಂಡೇ ಉತ್ತರ ಬರೆದೆ.

"ಹೌದು ಅಣ್ಣ, ಮೆಮೊರಿ ಕಮ್ಮಿ ಇದೆ. ನಾಲ್ಕು ಜಿಬಿ ಬೇಕು."

"ಸರಿ. ಮಾಡ್ತೀನಿ."

ಅಂದರೆ ಎಲ್ಲಿಂದಲಾದರೂ ಒಂದು ಪಟ್ಟಿ ಹೊಂದಿಸಿಕೊಳ್ಳುತ್ತಾರೆ ಎಂದುಕೊಂಡೆ. ಡೈರಿಯಲ್ಲಿ "ನ್ಯಾಮತಿ: ಅವರೇ ಮಾಡ್ಕೊಳ್ತಾರೆ" ಎಂದು ಬರೆದು ಬಸ್ಸು ಹತ್ತಿದೆ.

ಒಂದು ವಾರದ ಮೇಲೆ ಮತ್ತೆ ಅದೇ ಪರದೆಯ ಫೋಟೊ. "ಮಾಡಿದೆ. ಆದ್ರೂ ಅದೇ ಹೇಳ್ತೈತೆ."

"ಹಾಗಾದ್ರೆ ಇನ್ನೂ ಸಾಲ್ತಿಲ್ಲ ಅಣ್ಣ. ಬಂದು ನೋಡ್ತೀನಿ."

"ಇನ್ನೂ ಮಾಡಿ ನೋಡ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಫೋನ್ ಮಾಡುತ್ತಿದ್ದರು. ಏನ್ ಮಾಡಿದ್ರಿ, ಎಲ್ಲಿ ಮಾಡಿದ್ರಿ ಎಂದು ನಾನೂ ಕೇಳುತ್ತಿದ್ದೆ. ಎರಡು ಮಾತಿನಲ್ಲಿ ಬಗೆಹರಿಯುವ ಸಂಗತಿ. ನಾಗಣ್ಣನಿಗೆ ಫೋನ್ ಮಾಡುವವರು ಯಾರೂ ಇರಲಿಲ್ಲ, ಅವರು ಯಾರಿಗೂ ಮಾಡುತ್ತಿರಲಿಲ್ಲ.

ಆಮೇಲೆ ನನಗೆ ಜಗಳೂರು ಕಡೆಯ ಕೆಲಸ ಬಿತ್ತು. ಬಿಳಿಚೋಡಿನ ಡೇರಿಯ ಕಂಪ್ಯೂಟರ್ ಪಟ್ಟಿ ಹಾಕಿದರೂ ಏಳಲೊಲ್ಲದು. ಇಲ್ಲಿ ಹೊನ್ನಾಳಿ ಸೇತುವೆಯ ಕೆಳಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿದ್ದರೆ, ಅಲ್ಲಿ ಮೋಡ ಮಾತ್ರ. ಕುರಿ ಮಂದೆ ರಸ್ತೆಗೆ ಅಡ್ಡ ನಿಂತರೆ ಧೂಳೇ ಏಳುತ್ತಿತ್ತು. ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಪಟ್ಟಿಯ ಅಂಚಿಗೆ ಕಿಲುಬು, ಇನ್ನೊಂದು ಕಡೆ ಕೆಂಪು ಮಣ್ಣು. ರಬ್ಬರು ಮಾತ್ರ ಎರಡಕ್ಕೂ ಒಂದೇ. ಹಾಗೆ ಉಜ್ಜುತ್ತಾ, ಬಸ್ಸು ಬದಲಿಸುತ್ತಾ ಜುಲೈ ಕಳೆದು ಶ್ರಾವಣ ನಡುವಿಗೆ ಬಂತು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಎರಡು ಪಟ್ಟಿಗಳನ್ನೂ ಕರ್ಚೀಫಿನಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟುಕೊಂಡು ನ್ಯಾಮತಿಗೆ ಹೋದೆ. ಗೌರಮ್ಮ ಬಾಗಿಲಲ್ಲೇ ಸಿಕ್ಕರು.

"ಬಂದ್ಯಾ? ಒಳ್ಳೇದಾತು. ಡಬ್ಬಿ ಬಾಯಿ ಮುಚ್ಕಂಡು ಕುಂತೈತೆ. ರಿಪೇರಿ ಐತೆ ಅಂತ ಅವರು ಕೈಮಾಡಿ ತೋರಿಸಿದ್ರು, ನಾನೂ ಸುಮ್ಕಾದೆ. ಇವತ್ತು ಇಲ್ಲೇ ಉಂಡು ಹೋಗ್ಬೇಕು ನೀನು."

ಒಳಗೆ ಹೋಗಿ ಅವರು ಒಲೆ ಹಚ್ಚಿದ ಸದ್ದು ಕೇಳಿಸಿತು. ನಾನು ಕ್ಯಾಬಿನೆಟ್ ಬಿಚ್ಚಿದೆ. ಒಂದೇ ಒಂದು ಹಳೇ ಪಟ್ಟಿ, ಅಂಚೆಲ್ಲ ಕಪ್ಪು. ಹೊಸದು ಯಾವುದೂ ಹಾಕಿರಲಿಲ್ಲ. ಉಜ್ಜಿ ಕೂರಿಸಿ, ಹಳೆಯ ಸಿಸ್ಟಮನ್ನೇ ಒಮ್ಮೆ ಎಬ್ಬಿಸಿ ಡಿಸ್ಕ್ ನೋಡಿದೆ. ತುಂಬಿ ತುಳುಕುತ್ತಿದ್ದ ಡಿಸ್ಕಿನಲ್ಲಿ ಈಗ ಬೇಕಾದಷ್ಟು ಜಾಗ.

"ಇದೇನಣ್ಣ, ಇಷ್ಟೊಂದು ಖಾಲಿ ಐತಲ್ಲ?"

ನಾಗಣ್ಣ ಫೋನಿನಲ್ಲಿ ಟೈಪ್ ಮಾಡಿ ನನ್ನ ಕಡೆ ತಿರುಗಿಸಿದರು. ಮುಖದಲ್ಲಿ ಒಂದು ಬಗೆಯ ಹೆಮ್ಮೆಯಿತ್ತು.

"ನೀನು ಹೇಳಿದ ಮೆಮೊರಿ. ಎರಡು ಸಲ ಮಾಡಿದೆ. ಆದ್ರೂ ಸಾಲಲ್ಲ ಅಂತೈತೆ ಮುಂಡೇದು."

ಫೋನಿನಲ್ಲಿ ಮೆಮೊರಿ ತುಂಬಿದರೆ ಏನು ಮಾಡುತ್ತೇವೆ? ಏನನ್ನಾದರೂ ಅಳಿಸುತ್ತೇವೆ. ನಮ್ಮ ಕಡೆ ಮೆಮೊರಿ ಎಂದರೆ ಅದೊಂದೇ. ಹಾಡು, ಫೋಟೊ, ವಿಡಿಯೊ ಇಟ್ಟುಕೊಳ್ಳುವ ಜಾಗ. ಆ ಮಾತಿಗೆ ಇನ್ನೊಂದು ಅರ್ಥ ಇದೆ ಎಂದು ಯಾರಿಗೂ ಯಾರೂ ಹೇಳಿರುವುದಿಲ್ಲ. 

"ಏನು ಅಳಿಸಿದ್ರಿ ಅಣ್ಣ?"

"ಮೊದಲ ಸಲ ನಾನು ಕೂಗಿದ್ದ ಹಳೇ ಅನೌನ್ಸ್‌ಮೆಂಟು. ಎಲ್ಲಾ."

"ಎರಡನೇ ಸಲ?"

ಅವರು ಒಳಕೋಣೆಯ ಕಡೆ ಒಮ್ಮೆ ನೋಡಿ, ಎರಡೇ ಪದ ಬರೆದರು. "ಮನೆ ಮಾತು." ಆ ಫೋಲ್ಡರಿನ ಹೆಸರು ಅದು.

ಬೇರೆ ಎಷ್ಟೋ ಇತ್ತಲ್ಲ ಅಣ್ಣ, ಮದುವೆ ಫೋಟೊ, ಬ್ಯಾನರು, ಅವನ್ನ ತೆಗೀಬಹುದಿತ್ತಲ್ಲ ಎಂದೆ. ಅವರು ಇಲ್ಲವೆಂದು ತಲೆಯಾಡಿಸಿ ಬರೆದರು: "ಅವು ಜನರವು. ಸತ್ತೋರ ಫೋಟೊನೂ ಅವೆ, ಆರಾಧನೆಗೆ ಅಂತ ಕೊಟ್ಟಿರೋವು. ಇದೊಂದೇ ನಂದು." ಮತ್ತೆ ಬರೆದರು: "ಅರ್ಜಿ ಕೆಲಸ ಬಂದ್ರೆ ಅಷ್ಟು ಸಾಕು. ಅವಳಿಗೆ ಈಗ ಕೈಸನ್ನೆ ತಿಳೀತೈತೆ."

ನಾನು ಡಬ್ಬಿಯಿಂದ ಕರ್ಚೀಫು ತೆಗೆದು ಪಟ್ಟಿಗಳನ್ನು ಅಂಗೈಯಲ್ಲಿ ತೋರಿಸಿದೆ. ಗೇಣಿಗಿಂತ ಕೊಂಚ ಗಿಡ್ಡನೆಯ ಎರಡು ಹಸಿರು ತುಂಡು. "ಇನ್‌ಸ್ಟಾಲರ್ ಕೇಳಿದ ಮೆಮೊರಿ ಇದು ಅಣ್ಣ. ಡಿಸ್ಕಿಗೂ ಇದಕ್ಕೂ ಸಂಬಂಧ ಇಲ್ಲ. ಎಷ್ಟು ಅಳಿಸಿದ್ರೂ ಅದು ಅದನ್ನೇ ಹೇಳ್ತಿತ್ತು."

ನಾಗಣ್ಣ ಒಂದು ಪಟ್ಟಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಕಿವಿಯ ಹತ್ತಿರ ಹಿಡಿದರು. ಯಾಕೆ ಹಾಗೆ ಮಾಡಿದರೋ ಗೊತ್ತಿಲ್ಲ. ವಾಪಸು ಕೊಟ್ಟರು.

ಅಳಿಸಿದ್ದನ್ನು ಮರಳಿ ತೆಗೆಯುವ ಪ್ರೋಗ್ರಾಮ್ ನನ್ನ ಬಳಿ ಇತ್ತು. ಸಿಸ್ಟಮ್ ಹಾಕುವ ಮಾತು ಬಿಟ್ಟು ಅದನ್ನೇ ಓಡಿಸಿದೆ. ಅಳಿಸಿದ ಮರುದಿನವೇ ಆಗಿದ್ದರೆ ಬಹುಪಾಲು ಸಿಗುತ್ತಿತ್ತು. ಆದರೆ ಶ್ರಾವಣದ ಬ್ಯಾನರ್ ಕೆಲಸ ಮೂರು ವಾರ ಜೋರಾಗಿ ನಡೆದಿತ್ತು. ಒಂದೊಂದು ಬ್ಯಾನರಿನ ಫೈಲೂ ಆ ಖಾಲಿ ಜಾಗದ ಮೇಲೆ ಬಂದು ಕೂತಿತ್ತು. ಹೊರಗೆ ಮಳೆ ಜೋರಾಯಿತು, ಎರಡು ಸಲ ಕರೆಂಟು ಕಣ್ಣು ಮಿಟುಕಿಸಿತು. ಕೊನೆಗೆ ಪರದೆಯ ಮೇಲೆ ಹೆಸರುಗಳು ಬಂದವು. ಟೀ ಕೊಡು. ಯಾರೋ ಬಂದವರೆ. ನೋವಿಲ್ಲ ಮಲಕ್ಕ. ಉಪ್ಪು ಜಾಸ್ತಿ. ನಾಗಣ್ಣ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

ಹೆಸರುಗಳಷ್ಟೇ ಉಳಿದಿದ್ದವು. ಕೆಲವು ತೆರೆಯಲೇ ಇಲ್ಲ. ಕೆಲವು ತೆರೆದರೆ ಬರೀ ಗರಗರ. ಒಳಗೆ ಕೇಳಿಸದಿರಲೆಂದು ನಾಗಣ್ಣ ಸ್ಪೀಕರಿನ ಸದ್ದು ತಗ್ಗಿಸಿ, ಅದಕ್ಕೆ ಕಿವಿಯಿಟ್ಟು, ಒಂದನ್ನೂ ಬಿಡದೆ ಎಲ್ಲವನ್ನೂ ಕೊನೆಯವರೆಗೆ ಕೇಳಿದರು. "ಯಾರೋ" ಎಂಬ ಒಂದು ಚೂರು ಮಾತ್ರ ಒಂದು ಕಡೆ ಕೇಳಿಸಿದ ಹಾಗಾಯಿತು. ಮತ್ತೆ ಹಾಕಿದರೆ ಅದೂ ಗರಗರವೇ.

ಬೇರೆಲ್ಲಾದರೂ ಪ್ರತಿ ಇದೆಯೇ ಎಂದು ಕೇಳಿದೆ. ಆಟೋದವನ ಪೆನ್‌ಡ್ರೈವಿನಲ್ಲಿ ಹಳೇ ಅನೌನ್ಸ್‌ಮೆಂಟು ಇದ್ದವಂತೆ, ಅವನು ಅದಕ್ಕೆ ಸಿನಿಮಾ ಹಾಡು ತುಂಬಿಸಿ ವರ್ಷವಾಗಿತ್ತು. ಮನೆ ಮಾತಿಗಂತೂ ಬೇರೆ ಪ್ರತಿಯೇ ಇರಲಿಲ್ಲ.

ಸಿಸ್ಟಮ್ ಹಾಕಿದರೆ ಡಿಸ್ಕ್ ಪೂರ್ತಿ ಒರೆಸಿಹೋಗುತ್ತದೆ, ಆ ಹೆಸರುಗಳೂ ಉಳಿಯುವುದಿಲ್ಲ ಎಂದು ಹೇಳಿದೆ. ಬೇಕಾದರೆ ಡಿಸ್ಕನ್ನು ದಾವಣಗೆರೆಯಲ್ಲಿ ಯಾರಿಗಾದರೂ ತೋರಿಸೋಣ, ಸಿಗುವ ನಂಬಿಕೆ ನನಗಿಲ್ಲ ಎಂದೂ ಹೇಳಿದೆ. ನಾಗಣ್ಣ ಪರದೆಯ ಮೇಲಿನ ಹೆಸರುಗಳನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ಸರಿಸಿ ನೋಡಿದರು. ಅಷ್ಟರಲ್ಲಿ ಯಾರೋ ಒಬ್ಬಾಕೆ ಕೊಡೆ ಮಡಚುತ್ತಾ ಬಂದು, ಮಗಳ ಹಾಸ್ಟೆಲ್ ಅರ್ಜಿ ಇವತ್ತಾದರೂ ಆಗುತ್ತದೆಯೇ ಎಂದು ಕೇಳಿದರು. ನಾಗಣ್ಣ ಕೈಯೆತ್ತಿ, ಸಂಜೆಗೆ ಬರ್ರಿ ಎಂದು ಸನ್ನೆ ಮಾಡಿದರು. ಆಕೆ ಹೋದ ಮೇಲೆ ಜನರ ಫೈಲುಗಳನ್ನೆಲ್ಲ ಹಲವು ಪೆನ್‌ಡ್ರೈವಿಗೆ ತಾವೇ ಇಳಿಸಿ, ಕೊನೆಗೆ ನನ್ನ ಪೆನ್‌ಡ್ರೈವ್ ಎತ್ತಿ ನನ್ನ ಕೈಗಿಟ್ಟರು. ಪಟ್ಟಿ ಕೂರಿಸಿದೆ. ಒರೆಸಲೇ ಎಂದು ಇನ್‌ಸ್ಟಾಲರ್ ಕೇಳಿದಾಗ ಬಟನ್ ಒತ್ತಿದ್ದು ಅವರೇ.

ಈ ಸಲ ಅದು ಚಕಾರ ಎತ್ತಲಿಲ್ಲ. ಊಟದ ಹೊತ್ತಿಗೆ ಮೊದಲೇ ಮುಗಿಯಿತು. ಜಾಲತಾಣ ತೆರೆಯಿತು, ಪ್ರಿಂಟರು ಕಾಗದ ಉಗುಳಿತು. ನಾನು ಕಂಪ್ಯೂಟರ್ ಆರಿಸಿ, ಎರಡು ಪಟ್ಟಿಗಳನ್ನೂ ಕಿತ್ತು ಕರ್ಚೀಫಿನ ಮೇಲಿಟ್ಟೆ. ನಾಗಣ್ಣ ಗಾಬರಿಯಿಂದ ನನ್ನ ಮೊಣಕೈ ಹಿಡಿದು, ಇನ್ನೊಂದು ಕೈಯಲ್ಲಿ ಫೋನಿನಲ್ಲಿ ಬರೆದು ತೋರಿಸಿದರು.

"ತೆಗೆದುಬಿಟ್ಯಾ? ಅದಕ್ಕೆ ಬೇಡ್ವಾ?"

"ಬೇಡ ಅಣ್ಣ. ಹಾಕುವಾಗ ಮಾತ್ರ ಬೇಕು. ಇನ್ಮೇಲೆ ಇರೋದ್ರಾಗೇ ನಡೀತೈತೆ. ಸೆಂಟ್ರಿಂಗ್ ಇದ್ದಂಗೆ."

ಎಷ್ಟೋ ಮನೆಗಳಲ್ಲಿ ಹೇಳಿದ ಮಾತು. ಅಲ್ಲಿ ಬಾಯಿಂದ ಹೊರಬಿದ್ದ ಮೇಲೆ ಬೇಡವಾಗಿತ್ತು ಅನ್ನಿಸಿತು. ಅವರು ಮೊಣಕೈ ಬಿಟ್ಟರು.

ಗೌರಮ್ಮ ಬಂದು ಬಾಗಿಲಿಗೊರಗಿ ನಿಂತರು. ಸೀರೆ ಬದಲಿಸಿದ್ದರು. "ಆತಾ? ಎಲ್ಲಿ, ಒಂದ್ಸಲ ಮಾತಾಡ್ರಿ ನೋಡಾನ. ಹೊಸ ಸಿಸ್ಟಮ್ಮಿನಾಗೆ ಹೆಂಗೆ ಕೇಳ್ತೈತೋ."

ನಾಗಣ್ಣ ಫೋನ್ ಎತ್ತಿಕೊಂಡು ಟೈಪ್ ಮಾಡತೊಡಗಿದರು. ಬರೆದರು, ಅಳಿಸಿದರು, ಬರೆದರು. ಗೌರಮ್ಮ ನಗುತ್ತಲೇ ಕಾದರು. ಕೊನೆಗೆ ನಾಗಣ್ಣ ಫೋನನ್ನು ನನ್ನ ಕಡೆ ಚಾಚಿ, ಗೌರಮ್ಮನ ಕಡೆ ಬೆರಳು ತೋರಿಸಿದರು. ಓದು ಎಂದು.

ನಾನು ಓದಿದೆ.

"ಗೌರಮ್ಮ, ದನಿ ಎಲ್ಲಾ ನಾನೇ ಅಳಿಸಿದೆ. ಜಾಗ ಬೇಕು ಅಂತ ತಿಳ್ಕಂಡಿದ್ದೆ. ಬೇಕಾಗಿದ್ದು ಅದಲ್ಲ. ಈ ಹುಡುಗಿ ತೆಗೆಯಾಕೆ ನೋಡಿದ್ಲು, ಸಿಗಲಿಲ್ಲ. ಇನ್ಮೇಲೆ ಏನಾರ ಬೇಕಾದ್ರೆ ಟೇಬಲ್ ತಟ್ತೀನಿ. ಎರಡು ಸಲ ತಟ್ಟಿದ್ರೆ ಟೀ. ಜೋರಾಗಿ ತಟ್ಟಿದ್ರೆ ಬೇಗ ಬಾ."

ಬೇರೆಯವರ "ನಾನು" ಎಂಬುದನ್ನು ನನ್ನ ದನಿಯಲ್ಲಿ ಹೇಳಿದ್ದು ಅದೇ ಮೊದಲು. ಗೌರಮ್ಮ ನನ್ನನ್ನು ನೋಡಿದರು, ಅವರನ್ನು ನೋಡಿದರು.

"ಅವರು ನಂಗೆ ಗೌರಮ್ಮ ಅನ್ನಲ್ಲ," ಎಂದರು. "ಏನೇ ಅಂತಾರೆ."

ನಾಗಣ್ಣ ತಲೆ ತಗ್ಗಿಸಿದ್ದರು. ಹೊರಗೆ ಸೂರಿನ ನೀರು ಬಕೆಟ್ಟಿಗೆ ಬೀಳುತ್ತಿತ್ತು. ಗೌರಮ್ಮ ಮುಂದೆ ಬಂದು ಸ್ಪೀಕರಿನ ಮೇಲಿದ್ದ ಧೂಳನ್ನು ಸೆರಗಿನಿಂದ ಒರೆಸಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು:

"ಉಪ್ಪು ಜಾಸ್ತಿ ಅನ್ನೋದೂ ಹೋತೇನ್ರಿ?"

ನಾಗಣ್ಣ ಹೌದೆಂದು ತಲೆಯಾಡಿಸಿದರು.

ಗೌರಮ್ಮ ಒಳಗೆ ಹೋಗಿ ಮೂರು ತಟ್ಟೆ ಹಾಕಿದರು. ಮುದ್ದೆ, ಹುರುಳಿಕಾಳಿನ ಸಾರು. ನಾಗಣ್ಣ ಸಣ್ಣ ಸಣ್ಣ ತುತ್ತು ಮಾಡಿ, ಕುತ್ತಿಗೆಯ ಬಟ್ಟೆ ಹಿಡಿದುಕೊಂಡು ನಿಧಾನವಾಗಿ ನುಂಗುತ್ತಿದ್ದರು. ಗೌರಮ್ಮ ತಾವು ತಟ್ಟೆ ಮುಟ್ಟದೆ ಅವರ ಮುಖವನ್ನೇ ನೋಡುತ್ತಾ ಕೂತಿದ್ದರು.

ಅವತ್ತು ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಯಾರೂ ಹೇಳಲಿಲ್ಲ.